ಎಲೆ ಬಿಟ್ಟು ಎದ್ದವನು

ಆ ನಾಡಿಗೆ ಅರಸನಿರಲಿಲ್ಲ, ಜನ ಆರಿಸಿದ ಅಧ್ಯಕ್ಷನಿದ್ದ. ಆ ಸಲ ಆರಿಸಿ ಬಂದವನು ಸಿರಿಯಣ್ಣ, ಹೊಳೆದಂಡೆಯ ಆಶ್ರಮದಲ್ಲಿ ಬೊಪ್ಪಯ್ಯ ಗುರುಗಳ ಬಳಿ ಓದಿದವನು.

ಒಂದು ದಿನ ಅವನು ಅಧ್ಯಕ್ಷನ ಮುದ್ರೆಯುಂಗುರ ಮಿಂಚಿಸುತ್ತ ಗುರುಗಳ ಮುಂದೆ ಬಂದು ನಿಂತ.

"ಸಭೆಯವರು ವರ್ಷದ ಆಯವ್ಯಯ ಕಳಿಸಿದ್ದಾರೆ, ಗುರುಗಳೇ. ತಗ್ಗಿನ ಕೇರಿಗೆ ಹೊಳೆ ನುಗ್ಗದಂತೆ ಪೂರ್ತಿ ಒಡ್ಡು ಕೇಳಿದ್ದೆ. ಅರ್ಧ ಕೊಟ್ಟು, ಉಳಿದದ್ದನ್ನು ತಮ್ಮ ಸಭಾಮಂಟಪದ ಚಾವಣಿಗೆ ಇಟ್ಟುಕೊಂಡಿದ್ದಾರೆ. ನಾನು ಮುದ್ರೆ ಒತ್ತುವುದಿಲ್ಲ."

"ತಿದ್ದಬಹುದಲ್ಲ?"

"ತಿದ್ದುವ ಹಾಗಿಲ್ಲ. ಪೂರ್ತಿ ಒಪ್ಪಬೇಕು, ಇಲ್ಲವೇ ಪೂರ್ತಿ ತಳ್ಳಿಹಾಕಬೇಕು."

"ತಳ್ಳಿಹಾಕಿದರೆ?"

"ಹೊಸದು ಇತ್ಯರ್ಥವಾಗುವ ತನಕ ಹೋದ ವರ್ಷದ್ದೇ ನಡೆಯುತ್ತದೆ. ಅದರಲ್ಲಿ ಚಾವಣಿಯೂ ಇಲ್ಲ, ಒಡ್ಡೂ ಇಲ್ಲ. ಅವರ ಸೊಕ್ಕು ಇಳಿಯಲಿ."

"ಊಟದ ಹೊತ್ತಾಯಿತು, ಬಾ" ಎಂದರು ಗುರುಗಳು.

ಆಶ್ರಮದಲ್ಲಿ ಆರಿಸಿ ಉಣ್ಣುವ ಪದ್ಧತಿ ಇರಲಿಲ್ಲ. ಬಡಿಸಿದ್ದನ್ನೆಲ್ಲ ಉಣ್ಣಬೇಕು, ಬೇಡವಾದರೆ ಎಲೆ ಬಿಟ್ಟು ಏಳಬೇಕು. ಗುರುಗಳು ಅನ್ನದ ಪಕ್ಕ ಹಾಗಲಕಾಯಿ ಗೊಜ್ಜು ಬಡಿಸಿದರು. ಚಿಕ್ಕಂದಿನಿಂದ ಸಿರಿಯಣ್ಣನಿಗೆ ಅದನ್ನು ಕಂಡರಾಗದು. ಅಧ್ಯಕ್ಷನಾದರೂ ನಾಲಗೆ ಹಳೆಯದೇ. ಅವನು ಎದ್ದುಬಿಟ್ಟ.

ಗುರುಗಳು ಆ ಎಲೆಯನ್ನು ತಮ್ಮತ್ತ ಎಳೆದುಕೊಂಡು ನಿಧಾನವಾಗಿ ಉಂಡರು.

"ನೀನು ಎದ್ದೆ. ಈಗ ಹಸಿದಿರುವವರು ಯಾರು?"

"ನಾನೇ."

"ನಾಳೆ ಮುದ್ರೆ ಒತ್ತದೆ ಎದ್ದರೆ?"

ಸಿರಿಯಣ್ಣ ತಗ್ಗಿನ ಕೇರಿಯತ್ತ ನೋಡಿದ. ಸಭೆಯವರ ಮನೆಗಳೆಲ್ಲ ದಿಬ್ಬದ ಮೇಲಿದ್ದವು. ಅವನದೂ ಅಲ್ಲೇ ಇತ್ತು. ಅವನು ಹಸಿದ ಹೊಟ್ಟೆಯಲ್ಲೇ ಮರಳಿದ.

ಮರುದಿನ ಅವನು ಮುದ್ರೆ ಒತ್ತಲಿಲ್ಲ. ಆದರೆ ಹೆಂಡತಿ, ಮಕ್ಕಳು, ಹಸು ಸಮೇತ ತಗ್ಗಿನ ಕೇರಿಗೆ ಬಿಡಾರ ಬದಲಿಸಿದ. ದಿಬ್ಬದವರು ಇವನಿಗೆ ತಲೆ ಕೆಟ್ಟಿದೆ ಎಂದು ನಕ್ಕರು.

ಆ ನಗು ಬಹಳ ದಿನ ಉಳಿಯಲಿಲ್ಲ. ಆಯವ್ಯಯ ಇತ್ಯರ್ಥವಾಗುವ ತನಕ ಸಭೆ ಅಧ್ಯಕ್ಷನ ಮನೆಯಂಗಳದಲ್ಲೇ ಸೇರಬೇಕೆಂಬುದು ಆ ನಾಡಿನ ಕಟ್ಟಳೆ. ಮೊದಲ ಮಳೆಗೇ ಹೊಳೆ ಅಂಗಳಕ್ಕೆ ಬಂತು. ಸಭೆಯವರು ಪಂಚೆ ಎತ್ತಿಕಟ್ಟಿಕೊಂಡು, ಮೊಣಕಾಲುದ್ದ ನೀರಿನಲ್ಲಿ ನಿಂತು ವಾದಿಸಿದರು. ಚಾವಣಿಯ ಮಾತು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ. ಪೂರ್ತಿ ಒಡ್ಡಿಗೆ ಒಪ್ಪಿಗೆ ಸಿಕ್ಕಿತು, ಸಿರಿಯಣ್ಣ ಮುದ್ರೆ ಒತ್ತಿದ. ದೊಡ್ಡ ನೆರೆ ಬರುವ ಮೊದಲೇ ಒಡ್ಡು ಎದ್ದು ನಿಂತಿತು.

ಅವನು ಮತ್ತೆ ಆಶ್ರಮಕ್ಕೆ ಬಂದಾಗ ಉಂಗುರಕ್ಕೂ ಕೆಸರು ಮೆತ್ತಿತ್ತು. ಗುರುಗಳು ಉಳಿದ ಶಿಷ್ಯರನ್ನೆಲ್ಲ ಕರೆದರು.

"ನೋಡಿ, ಇವನು ನನ್ನ ಶಿಷ್ಯ."

ಯಾರ ವಿಷಯದಲ್ಲೂ ಅವರು ಹಾಗೆ ಹೇಳಿದ್ದನ್ನು ಸಿರಿಯಣ್ಣ ಕೇಳಿರಲಿಲ್ಲ. ಅವನ ಎದೆ ಉಬ್ಬಿತು, ಕಣ್ಣೂ ತುಂಬಿತು.

"ಇನ್ನು ದಿಬ್ಬದ ಮನೆಗೆ ಹೋಗುತ್ತೀಯೋ?"

"ಇಲ್ಲ ಗುರುಗಳೇ. ಆಯವ್ಯಯ ಪ್ರತಿ ವರ್ಷ ಬರುತ್ತದೆ. ನಾನು ಕೆಳಗೇ ಇರುತ್ತೇನೆ."

ಗುರುಗಳು ಎಲೆ ಹಾಕಿ ಅನ್ನ ಬಡಿಸಿದರು. ಪಕ್ಕದಲ್ಲಿ ಅದೇ ಹಾಗಲಕಾಯಿ ಗೊಜ್ಜು. ಸಿರಿಯಣ್ಣ ಎಲೆಯನ್ನು ನೋಡಿದ, ಗುರುಗಳ ಮುಖ ನೋಡಿದ.

"ಬೇಡವೆನಿಸಿದರೆ ಧಾರಾಳವಾಗಿ ಏಳು, ಮಗೂ. ಹಸಿಯುವವರ ಪಂಕ್ತಿಯಲ್ಲಿ ಈಗ ನೀನೂ ಇದ್ದೀಯ."