ಆಲದ ಮರಕ್ಕೆ ಹೋಗದ ಆಮೆ

೨೦೧೬ನೇ ಇಸವಿ ಮಾರ್ಚ್ ೯, ಬುಧವಾರ. ನನ್ನ ಹಳೆಯ ದಿನಚರಿಯ ಆ ಪುಟದಲ್ಲಿ, ಮೊಮ್ಮಕ್ಕಳಿಗೆ ಆಮೆಯ ಕತೆ ಹೇಳಿದೆ ಎಂದು ಬರೆದಿದೆ. ಮಕ್ಕಳೇ, ಅದೇ ಕತೆ ಇದು.

ಕಾಡಿನ ನಡುವೆ ಒಂದು ದೊಡ್ಡ ಕೆರೆ. ಅಲ್ಲಿ ಗಿರಿಜಕ್ಕ ಎಂಬ ಆಮೆ ದೋಣಿಯ ಕೆಲಸ ಮಾಡುತ್ತಿದ್ದಳು. ಇಲಿ, ಅಳಿಲು, ಓತಿಕ್ಯಾತಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಆಚೆ ದಡಕ್ಕೆ ಬಿಡುವುದು, ಕೂಲಿಗೆ ನಾಲ್ಕು ಹಣ್ಣು ಪಡೆಯುವುದು. ಹನ್ನೆರಡು ವರ್ಷದಲ್ಲಿ ಒಬ್ಬರ ಬಾಲವೂ ಒದ್ದೆಯಾಗಿರಲಿಲ್ಲ. ಅದು ಅವಳ ಹೆಮ್ಮೆ.

ದಡದ ಮೇಲೊಂದು ಆಲದ ಮರ. ಸಂಜೆಯಾದರೆ ಕಾಡಿನವರೆಲ್ಲ ಅಲ್ಲಿ ಸೇರುತ್ತಿದ್ದರು. ಯಾವ ಹಣ್ಣು ಮಾಗಿದೆ, ಯಾರ ಗೂಡು ಗಟ್ಟಿ, ಯಾರನ್ನು ನಂಬಬಹುದು, ಎಲ್ಲ ಅಲ್ಲೇ ಮಾತಾಗುತ್ತಿತ್ತು. ಅಲ್ಲಿ ಆಡಿದ ಮಾತು ಬೆಳಗಾಗುವುದರೊಳಗೆ ಹಕ್ಕಿಗಳ ಬಾಯಲ್ಲಿ ಇಡೀ ಕಾಡು ಸುತ್ತುತ್ತಿತ್ತು. ಗಿರಿಜಕ್ಕ ಮಾತ್ರ ಆ ಕಡೆ ತಲೆ ಹಾಕಿದವಳಲ್ಲ. ಹರಟೆ ಹೊಡೆಯುವುದು ಕೆಲಸವಿಲ್ಲದವರಿಗೆ ಎನ್ನುತ್ತಿದ್ದಳು.

ಒಂದು ದಿನ ಅಳಿಲು ಚಿಂತಾಮಣಿಯನ್ನು ಹೊತ್ತು ಸಾಗುವಾಗ, ಕೆರೆಯ ನಟ್ಟನಡುವೆ ಹದ್ದೊಂದು ಎರಗಿತು. ಗಿರಿಜಕ್ಕ ತಟ್ಟನೆ ಮುಳುಗಿ, ಮೂರು ಎಣಿಸುವಷ್ಟರಲ್ಲಿ ಮೇಲೆದ್ದಳು. ಹದ್ದು ಬರಿಗೈಯಲ್ಲಿ ಹೋಯಿತು. ಭಯಕ್ಕೆ ಸದಾ ಕಣ್ಣು ಮುಚ್ಚಿಯೇ ಕೂರುವ ಚಿಂತಾಮಣಿಗೆ ಹದ್ದು ಕಾಣಲೇ ಇಲ್ಲ. ಮೂಗಿಗೆ ನೀರು ನುಗ್ಗಿದ್ದಷ್ಟೇ ಗೊತ್ತು. ಗಿರಿಜಕ್ಕನೂ ಏನೊಂದೂ ಹೇಳದೆ ಅವನನ್ನು ದಡಕ್ಕೆ ಬಿಟ್ಟಳು. ಮಾಡಿದ ಉಪಕಾರವನ್ನು ಹೇಳಿಕೊಳ್ಳುವ ಜಾಯಮಾನ ಅವಳದಲ್ಲ.

ಸಂಜೆ ಮರದ ಕೆಳಗೆ ಚಿಂತಾಮಣಿ ತನಗೆ ತಿಳಿದದ್ದನ್ನೇ ಹೇಳಿದ. ಆಮೆ ನಡುನೀರಿನಲ್ಲಿ ನನ್ನನ್ನು ಮುಳುಗಿಸಿದಳು ಎಂದ.

ಮರುದಿನ ಬೆಳಗ್ಗೆ ಮೈನಾ ಹಾರಿಬಂದಳು. "ಗಿರಿಜಕ್ಕ, ಸಂಜೆ ಬಂದು ಒಂದು ಮಾತು ಹೇಳಿಹೋಗು. ಎಲ್ಲರೂ ನಿನ್ನ ಉತ್ತರಕ್ಕೆ ಕಾಯ್ತಿದ್ದಾರೆ."

"ಹನ್ನೆರಡು ವರ್ಷ ಹೊತ್ತ ಬೆನ್ನು ಇದು. ಇದಕ್ಕಿಂತ ಬೇರೆ ಉತ್ತರ ಬೇಕೇನು ಅವರಿಗೆ?"

"ಬೆನ್ನಿಗೆ ಬಾಯಿಲ್ಲವಲ್ಲ ಅಕ್ಕ."

ಗಿರಿಜಕ್ಕನಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಆಮೆಗಳು ಏನು ಮಾಡುತ್ತವೆ, ಗೊತ್ತಲ್ಲ? ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಳು. ಎರಡನೆಯ ದಿನವೂ ಮೈನಾ ಬಂದು ಕೊಕ್ಕಿನಿಂದ ಚಿಪ್ಪು ಕುಟ್ಟಿದಳು. ಅಷ್ಟು ಹೊತ್ತಿಗೆ ಮಾತು ಬೆಳೆದು, ಆಮೆ ಒಂದು ಅಳಿಲನ್ನು ಕೊಂದೇಬಿಟ್ಟಳು ಎಂಬಲ್ಲಿಗೆ ಬಂದಿತ್ತು. ಚಿಂತಾಮಣಿ ಕೊಂಬೆಯ ಮೇಲೆ ಕೂತು ಕಾಯಿ ತಿನ್ನುತ್ತಿದ್ದರೂ ಜನ ಅದನ್ನೇ ನಂಬಿದ್ದರು. ಚಿಪ್ಪಿನೊಳಗಿಂದ ಸದ್ದೇ ಬರಲಿಲ್ಲ.

ಮೂರನೆಯ ದಿನ ದಡದಲ್ಲಿ ಒಬ್ಬ ಗಿರಾಕಿಯೂ ಇಲ್ಲ. ಗಿರಿಜಕ್ಕ ಕತ್ತು ಚಾಚಿ ನೋಡಿದಳು. ದೂರದಲ್ಲಿ ಇಲಿ ನೀಲವ್ವ ತನ್ನ ಆರು ಮರಿಗಳನ್ನು ಸಾಲಾಗಿ ನಡೆಸಿಕೊಂಡು ಕೆರೆಯನ್ನು ಬಳಸಿ ಹೊರಟಿದ್ದಳು. ಆ ದಾರಿ ಜೊಂಡಿನೊಳಗೆ ಹೋಗುತ್ತದೆ. ಜೊಂಡಿನಲ್ಲಿ ಕಾಡುಬೆಕ್ಕಿನ ವಾಸ.

ಗಿರಿಜಕ್ಕ ಹಿಂದೆಂದೂ ಈಜದಷ್ಟು ಜೋರಾಗಿ ಈಜಿ ಅವರೆದುರು ತಲೆ ಎತ್ತಿದಳು.

"ನೀಲವ್ವ, ಆ ದಾರಿ ಬೇಡ. ಮರಿಗಳನ್ನು ಹತ್ತಿಸು."

ನೀಲವ್ವ ಮರಿಗಳನ್ನು ಹಿಂದಕ್ಕೆ ಸರಿಸಿದಳು. "ಅಳಿಲನ್ನು ಮುಳುಗಿಸಿದ್ದು ನಿಜವೇನು? ಅಷ್ಟು ಹೇಳು."

"ನಿಜ. ಮೇಲೆ ಹದ್ದಿತ್ತು. ನಾನು ಮುಳುಗದಿದ್ದರೆ ಅವನು ಅದರ ಪಾಲಾಗುತ್ತಿದ್ದ."

ನೀಲವ್ವ ಅವಳ ಮುಖವನ್ನೇ ನೋಡಿದಳು. ನಂಬಬೇಕೋ ಬೇಡವೋ ತಿಳಿಯಲಿಲ್ಲ. ಹಿಂದೆ ಜೊಂಡು ಅಲ್ಲಾಡಿತು. ಗಾಳಿ ಇರಲಿಲ್ಲ.

"ಇದನ್ನು ಮೊನ್ನೆಯೇ ಹೇಳೋಕೆ ಏನಾಗಿತ್ತು ನಿನಗೆ?" ಎನ್ನುತ್ತಲೇ ಅವಳು ಮರಿಗಳನ್ನು ಒಂದೊಂದಾಗಿ ಬೆನ್ನಿಗೆ ದಬ್ಬತೊಡಗಿದಳು. ನಾಲ್ಕು ಹತ್ತಿದವು. ಐದನೆಯದರ ಕಾಲು ಜಾರಿತು. ಅಷ್ಟರಲ್ಲಿ ಬೆಕ್ಕು ನೆಗೆಯಿತು. ಗಿರಿಜಕ್ಕ ಆಚೆ ದಡಕ್ಕೆ ಮುಟ್ಟಿಸಿದ್ದು ನೀಲವ್ವನನ್ನೂ ಆ ನಾಲ್ಕು ಮರಿಗಳನ್ನೂ ಮಾತ್ರ.

ಅಂದು ಸಂಜೆ ಗಿರಿಜಕ್ಕ ಮೊದಲ ಸಲ ಆಲದ ಮರದ ಕೆಳಗೆ ನಿಂತಳು. ನಡೆದದ್ದನ್ನೆಲ್ಲ ಹೇಳಿದಳು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಮಾತು ಮುಗಿಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಗಿರಾಕಿಗಳು ವಾರದೊಳಗೆ ಮರಳಿ ಬಂದರು. ನೀಲವ್ವ ಬರಲಿಲ್ಲ.

ಮೂರು ದಿನದ ಮೌನಕ್ಕೆ ತೆತ್ತದ್ದು ನೀಲವ್ವನ ಎರಡು ಮರಿಗಳನ್ನು.

ನೀತಿ: ವ್ಯಾಪಾರ ಮಾಡುವವರು ಗಿರಾಕಿಗಳು ಮಾತಾಡುವ ಜಾಗದಲ್ಲಿ, ಅದು ಆಲದ ಮರವಾಗಲಿ, ಇಂದಿನ ಸಾಮಾಜಿಕ ಜಾಲತಾಣವಾಗಲಿ, ತಾವೂ ಇದ್ದು ಮೊದಲ ದಿನವೇ ಉತ್ತರಿಸಬೇಕು, ಒಳ್ಳೆಯ ಕೆಲಸವೊಂದೇ ತನ್ನ ಪರವಾಗಿ ಮಾತಾಡಲಾರದು.