ದೊಣೆಗೆ ಮೂರು ಸಲ ಉಪ್ಪು

ಒಂದು ಕಾಡಿನ ನಡುವೆ ಒಂದು ಕೆರೆಯಿತ್ತು. ದೊಡ್ಡದೇನಲ್ಲ, ಆನೆಗಳು ಬಂದರೆ ಅರ್ಧ ಖಾಲಿ ಮಾಡಿ ಹೋಗುವಷ್ಟು. ಅದರಲ್ಲಿ ಕೆಂಚಮ್ಮ ಎಂಬ ಗೆಂಡೆ ಮೀನು ತನ್ನ ಗಂಡ ದ್ಯಾವಣ್ಣನ ಜೊತೆ ಸಂಸಾರ ಮಾಡಿಕೊಂಡಿದ್ದಳು. ಕೆಂಚಮ್ಮ ಒಳ್ಳೆಯವಳೇ. ತಾಳ್ಮೆ ಮಾತ್ರ ಅವಳ ಹತ್ತಿರ ಸುಳಿದದ್ದಿಲ್ಲ.

ಒಂದು ದಿನ ದ್ಯಾವಣ್ಣನ ಮೈಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು ಎದ್ದವು. ಅವನು ಊಟ ಬಿಟ್ಟ. ಕಲ್ಲಿಗೆ ಮೈ ಉಜ್ಜಿಕೊಂಡು ನರಳಿದ. ಹೋದ ವರ್ಷ ಇದೇ ಚುಕ್ಕೆ ಬಂದು ನಾಲ್ಕು ಮೀನು ಸತ್ತಿದ್ದವು. ಕೆಂಚಮ್ಮನ ಜೀವ ಬಾಯಿಗೆ ಬಂತು. ಕೂಡಲೇ ಹೋಗಿ ಈರಜ್ಜಿಯನ್ನು ಕರೆತಂದಳು. ಈರಜ್ಜಿ ಎಂದರೆ ಮುದಿ ಆಮೆ, ಆ ಕೆರೆಯ ವೈದ್ಯೆ.

ದಡದ ಬಂಡೆಯಲ್ಲಿ ಒಂದು ದೊಣೆಯಿತ್ತು. ಕಲ್ಲಿನ ಗುಂಡಿಯಲ್ಲಿ ಸದಾ ನೀರು ನಿಂತಿರುತ್ತಿತ್ತು. ಅಜ್ಜಿ ದ್ಯಾವಣ್ಣನನ್ನು ತಾವರೆ ಎಲೆಯಲ್ಲಿ ಎಳೆದು ತಂದು ಅದರಲ್ಲಿ ಬಿಟ್ಟಳು. ತಾನು ತಂದಿದ್ದ ಉಪ್ಪನ್ನು ಸ್ವಲ್ಪವೇ ಕದಡಿದಳು.

"ಏಳು ದಿನ ಇಲ್ಲೇ ಇರ್ಲಿ. ಚುಕ್ಕೆ ಉದುರುತ್ತೆ," ಎಂದಳು.

"ಕೆರೆಗೇ ಉಪ್ಪು ಹಾಕಬಾರದಾ ಅಜ್ಜಿ? ಎಲ್ಲರಿಗೂ ಆಗ್ತಿತ್ತು."

"ಗಿಡ, ಬಳ್ಳಿ ಎಲ್ಲ ಸತ್ತುಹೋಗ್ತವೆ. ಕಾಯಿಲೆ ಬಂದೋರಿಗಷ್ಟೇ ಮದ್ದು."

ಎರಡು ದಿನ ಕಳೆಯಿತು. ಚುಕ್ಕೆ ಒಂದೂ ಉದುರಲಿಲ್ಲ. ಮೂರನೇ ದಿನ ಆಚೆ ದಡದಿಂದ ಅಜ್ಜಿಗೆ ಕರೆ ಬಂತು. ಆಮೆಯ ನಡಿಗೆ ಗೊತ್ತಲ್ಲ, ಹೋಗಿ ಬರಲು ಒಂದು ಹಗಲು, ಒಂದು ರಾತ್ರಿ.

"ಬಿಸಿಲಿಗೆ ದೊಣೆ ನೀರು ಇಳಿಯುತ್ತೆ," ಎಂದಳು ಅಜ್ಜಿ, ದೊಣೆಯ ಒಳಗಿನ ಕಲ್ಲಿನಲ್ಲಿದ್ದ ಒಂದು ಗೆರೆ ತೋರಿಸುತ್ತ. "ಈ ಗೆರೆಗಿಂತ ಕೆಳಗಿಳಿದ್ರೆ ಬಾಲದಲ್ಲಿ ಕೆರೆ ನೀರು ಎರಚು. ಬರೀ ನೀರು. ಉಪ್ಪಿನ ತಂಟೆಗೆ ಹೋಗಬೇಡ."

"ಯಾಕೆ?"

"ಹೇಳಿದಷ್ಟು ಮಾಡು," ಎಂದು ಅಜ್ಜಿ ಹೊರಟೇಬಿಟ್ಟಳು.

ಇದನ್ನೆಲ್ಲ ಪೊದೆಯಲ್ಲಿ ಕೂತು ಚಂದಪ್ಪ ಎಂಬ ಕಾಡುಬೆಕ್ಕು ಕೇಳಿಸಿಕೊಳ್ಳುತ್ತಿತ್ತು. ದ್ಯಾವಣ್ಣನ ಮೇಲೆ ಅದಕ್ಕೆ ಮೊದಲಿನಿಂದಲೂ ಕಣ್ಣು. ಆದರೆ ಪಂಜ ಹಾಕಿದಾಗೆಲ್ಲ ಕೆಂಚಮ್ಮ ಕೂಗುತ್ತಿದ್ದಳು, ಅವನು ದೊಣೆಯ ಬಿರುಕಿನೊಳಗೆ ನುಗ್ಗುತ್ತಿದ್ದ. ಉಪ್ಪು ಹೆಚ್ಚಾದರೆ ಮೀನು ಸೋತು ಮೇಲೆ ತೇಲುತ್ತದೆ ಎಂಬುದು ಬೆಕ್ಕಿಗೆ ಗೊತ್ತಿತ್ತು.

ಮಧ್ಯಾಹ್ನ ಅದು ಬಾಲ ಮುದುರಿಕೊಂಡು ಬಂತು.

"ಹೆದರಬೇಡ ಕೆಂಚಕ್ಕ. ನಾನೀಗ ಮೀನು ಮುಟ್ಟಲ್ಲ. ತಿಂದ್ರೆ ಮೈಯೆಲ್ಲ ತುರಿಕೆ."

"ಹಾಗಾದ್ರೆ ಯಾಕೆ ಬಂದೆ?"

"ಭಾವನ ಸ್ಥಿತಿ ನೋಡೋಕಾಗ್ತಿಲ್ಲ. ಆ ಮುದುಕಿ ಜಿಪುಣಿ. ನೀರು ಇಳೀತಲ್ಲ, ಅದರ ಜೊತೆ ಮದ್ದೂ ಹೋಯ್ತಲ್ವಾ? ಬರೀ ನೀರು ಎರಚು ಅಂತಾಳಲ್ಲ, ನೀನೇ ಹೇಳು. ನಾನು ಉಪ್ಪು ತರ್ತೀನಿ, ನಾಳೆಗೆ ಭಾವ ಕುಣೀತಾನೆ."

ಮಾತು ಸರಿಯೆನ್ನಿಸಿತು. ನೀರು ಹೋದ ಮೇಲೆ ಉಪ್ಪು ಉಳಿಯುವುದೆಲ್ಲಿ? ಕೆಂಚಮ್ಮ ತಲೆಯಾಡಿಸಿದಳು.

ಕಾಡಿನ ಅಂಚಿನಲ್ಲಿ ಉಪ್ಪುಮಣ್ಣಿನ ದಿಬ್ಬವಿತ್ತು. ಕಾಡುಕೋಣಗಳು ದಿನವೂ ಬಂದು ನೆಕ್ಕುವ ಜಾಗ. ಬೆಕ್ಕಿಗೆ ಚೀಲವೆಲ್ಲಿಂದ ಬರಬೇಕು? ಅದು ದಿಬ್ಬದ ಮೇಲೆ ಹೊರಳಾಡಿ, ಮೈತುಂಬ ಉಪ್ಪು ಮೆತ್ತಿಕೊಂಡು ಬಂದು ದೊಣೆಯಲ್ಲಿ ಕೊಡವಿತು. ಸಂಜೆ ಇನ್ನೊಮ್ಮೆ. ಮರುದಿನ ಬೆಳಿಗ್ಗೆ ಮತ್ತೊಮ್ಮೆ. ದಿಬ್ಬದಲ್ಲಿ ನೆಕ್ಕಲು ಏನೂ ಉಳಿಯಲಿಲ್ಲ.

ಮೂರನೇ ಸಲ ಕೊಡವಿದ ಮೇಲೆ ದ್ಯಾವಣ್ಣ ಒಂದು ಪಕ್ಕಕ್ಕೆ ವಾಲಿದ. ಬಾಯಿ ತೆರೆದುಕೊಂಡು ಮೇಲೆ ತೇಲಿದ.

"ಕುಣೀತಾನೆ ಅಂದೆ, ಇವರು ಮಲಗ್ತಿದ್ದಾರಲ್ಲ," ಎಂದಳು ಕೆಂಚಮ್ಮ.

"ಮಲಗ್ಲಿ ಬಿಡಕ್ಕ. ನನಗೂ ಅದೇ ಬೇಕು," ಎಂದು ಬೆಕ್ಕು ಪಂಜ ಎತ್ತಿತು.

ಕೆಂಚಮ್ಮನಿಗೆ ಈಗ ಎಲ್ಲ ಅರ್ಥವಾಯಿತು. ಕೂಗಿದಳು. ದ್ಯಾವಣ್ಣ ಅಲುಗಲಿಲ್ಲ. ಬೆಕ್ಕಿನ ಮುಖಕ್ಕೆ ನೀರು ಎರಚಿದಳು. ಅದು ನಕ್ಕಿತು. ಕೈಯಾರೆ ಗಂಡನನ್ನು ಕೊಂದೆನಲ್ಲ ಎಂದು ಅವಳು ಗೋಳಾಡಿದಳು.

ಅಷ್ಟರಲ್ಲಿ ನೆಲ ಧಡಧಡ ಎಂದಿತು. ದಿಬ್ಬದಲ್ಲಿ ಉಪ್ಪು ಸಿಗದ ಹನ್ನೆರಡು ಕಾಡುಕೋಣಗಳು ವಾಸನೆ ಹಿಡಿದು ಬಂದಿದ್ದವು.

"ಇಗೋ, ನಮ್ಮ ಉಪ್ಪು ಇಲ್ಲಿ ಕೂತಿದೆ," ಎಂದಿತು ದೊಡ್ಡ ಕೋಣ. ಬೆಕ್ಕಿನ ಬಾಲದ ಮೇಲೆ ಗೊರಸು ಇಟ್ಟು, ತೆಂಗಿನಕಾಯಿ ತುರಿಯುವ ಹಾಗೆ ಬೆನ್ನು ನೆಕ್ಕತೊಡಗಿತು.

"ನಾನು ಉಪ್ಪಲ್ಲ ಸ್ವಾಮಿ, ಬೆಕ್ಕು," ಎಂದು ಚಂದಪ್ಪ ಗೋಗರೆಯಿತು.

"ರುಚಿ ನೋಡಿದ್ರೆ ಉಪ್ಪೇ," ಎಂದಿತು ಕೋಣ. ಉಳಿದ ಹನ್ನೊಂದೂ ರುಚಿ ನೋಡಿ ಹೌದೆಂದವು. ಅವು ಬಿಟ್ಟಾಗ ಬೆಕ್ಕಿನ ಮೈಮೇಲೆ ಒಂದು ಕೂದಲೂ ಇರಲಿಲ್ಲ. ಅದು ಕಾಡು ಬಿಟ್ಟು ಓಡಿತು.

ಅಷ್ಟು ಹೊತ್ತಿಗೆ ಈರಜ್ಜಿ ಬಂದಳು. ದೊಣೆಯ ನೀರನ್ನು ನಾಲಿಗೆಗೆ ಮುಟ್ಟಿಸಿ ಮುಖ ಹಿಂಡಿದಳು. ಕೆಂಚಮ್ಮ ಅಳುತ್ತ ಎಲ್ಲವನ್ನೂ ಹೇಳಿದಳು.

"ನೀರು ಬಿಸಿಲಿಗೆ ಆರುತ್ತೆ ಮಗಳೇ, ಉಪ್ಪು ಆರಲ್ಲ. ಹಾಕಿದ್ದು ಅಲ್ಲೇ ಇರುತ್ತೆ. ಅದಕ್ಕೇ ಬರೀ ನೀರು ಅಂದದ್ದು. ನೀನು ಯಾಕೆ ಅಂದಾಗಲೇ ಇದನ್ನ ಹೇಳಬೇಕಿತ್ತು, ಅದು ನನ್ನ ತಪ್ಪು."

"ಈಗಲೇ ಇವರನ್ನ ಕೆರೆಗೆ ಹಾಕಿಬಿಡೋಣ ಅಜ್ಜಿ."

"ಮತ್ತೆ ಅವಸರ. ಒಮ್ಮೆಲೇ ಹಾಕಿದ್ರೆ ಮೈ ತಡೆಯಲ್ಲ. ಸ್ವಲ್ಪ ತೆಗಿ, ಸ್ವಲ್ಪ ಹಾಕು."

ಅಜ್ಜಿ ಎಲೆಯಲ್ಲಿ ಉಪ್ಪುನೀರು ತೆಗೆದಳು. ಕೆಂಚಮ್ಮ ಬಾಲದಲ್ಲಿ ಕೆರೆ ನೀರು ಎರಚಿದಳು. ಸಂಜೆಯವರೆಗೂ ಎರಚಿದಳು. ಬಾಲ ನೋಯುತ್ತಿತ್ತು, ಆದರೂ ಬಿಡಲಿಲ್ಲ. ಸೂರ್ಯ ಮುಳುಗುವಾಗ ದ್ಯಾವಣ್ಣ ನೆಟ್ಟಗಾದ. ಅಳತೆಯ ಉಪ್ಪುನೀರಿನಲ್ಲಿ ಅವನು ಉಳಿದ ದಿನಗಳನ್ನು ಕಳೆದ. ಏಳನೇ ದಿನ ಚುಕ್ಕೆಗಳೆಲ್ಲ ಉದುರಿದ್ದವು.

"ಕೆಂಚೀ, ಹಸಿವು," ಎಂದ ದ್ಯಾವಣ್ಣ. "ಹೊಟ್ಟೆ ತುಂಬ ಏನಾದ್ರೂ ತಾ."

ಕೆಂಚಮ್ಮನಿಗೆ ಕೆರೆಯನ್ನೇ ತಂದುಕೊಡುವಷ್ಟು ಸಂತೋಷವಾಯಿತು. ಹೊರಟವಳು ಅರ್ಧದಲ್ಲೇ ನಿಂತಳು.

"ಸ್ವಲ್ಪ ತಡೀರಿ," ಎಂದಳು. "ಎಷ್ಟು ಕೊಡಬೇಕು ಅಂತ ಅಜ್ಜಿನ ಕೇಳ್ಕೊಂಡು ಬರ್ತೀನಿ."

ನೀತಿ: ಮದ್ದನ್ನು ಹೇಳಿದ ಅಳತೆಯಲ್ಲೇ ಕೊಡಬೇಕು; ಅನುಮಾನ ಬಂದರೆ ಮದ್ದು ಕೊಟ್ಟವರನ್ನೇ ಕೇಳಬೇಕು, ದಾರಿಯಲ್ಲಿ ಸಿಕ್ಕವರನ್ನಲ್ಲ.