ಜರ್ಮನಿ ಪೈಪು

ಶೇಖರಗೌಡರು ಟರ್ಬೊ ಕಾರನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿ ಮೇಸ್ತ್ರಿಯನ್ನು ಕರೆದರು. ಗ್ಯಾರೇಜಿನ ಜಾಗ ಗೌಡರದು. ಮೇಸ್ತ್ರಿಯ ಹೊಟ್ಟೆಪಾಡು ಅಲ್ಲೇ.

“ಎಂಜಿನ್ನಿಗೆ ತಣ್ಣನೆ ಗಾಳಿ ಎಳೆದುಕೊಡೋ ಫಾರಿನ್ ಪೈಪು ಹಾಕೋ. ಆಯುಧಪೂಜೆ ದಿನ ಗುಡ್ಡದ ಏರಿನಲ್ಲಿ ನನ್ನ ಭಾವಮೈದನ ಕಾರು ಹಿಂದೆ ಬೀಳಬೇಕು. ಕಾಸು ಗೀಸು ಅಂದ್ರೆ ಜಾಗ ಖಾಲಿ ಮಾಡು.”

“ಆಗಲಿ ಧಣಿ,” ಎಂದ ಮೇಸ್ತ್ರಿ.

ಕಾಸಿಲ್ಲದೆ ಫಾರಿನ್ ಎಲ್ಲಿಂದ ಬರಬೇಕು? ಬಚ್ಚಲಿಗೆಂದು ತಂದು ಮಿಕ್ಕಿದ್ದ ಪಿವಿಸಿ ಪೈಪು ಹುಡುಕಿ ತೆಗೆದ. ಒಂದು ತುದಿಯನ್ನು ಫಿಲ್ಟರಿಗೆ ಬಿಗಿದ. ಇನ್ನೊಂದನ್ನು ಬಂಪರಿನ ಹಿಂದೆ, ಗಾಳಿ ಬಡಿಯುವ ಕಡೆ ಇಳಿಬಿಟ್ಟ. ಹೆಂಡತಿಯ ಎಣ್ಣೆ ಆಲಿಕೆಯೇ ಅದಕ್ಕೆ ಬಾಯಿ. ಮೇಲೆ ಕಪ್ಪು ಬಣ್ಣ ಬಳಿದ.

ಹಬ್ಬದ ದಿನ ಗೌಡರು ಬಾನೆಟ್ ಎತ್ತಿ, ಪೈಪಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ನೆಂಟರಿಗೆಲ್ಲ “ಜರ್ಮನಿ ಮಾಲು” ಎಂದು ಸಾರಿ ಹೊರಟರು. ಏರಿನಲ್ಲಿ ಭಾವಮೈದ ಪಂಪಾಪತಿ ಅವರ ಧೂಳು ಕುಡಿದ.

ಮರುದಿನ ಬಣ್ಣ ಸಿಪ್ಪೆ ಎದ್ದು ಒಳಗಿನ ಪಿವಿಸಿ ಕಂಡಿತು. ಗೌಡರು ಕೆಂಡಾಮಂಡಲವಾಗಿ ಕಾರು ತಂದು ಬಾನೆಟ್ ಎತ್ತಿದರು.

“ಬಚ್ಚಲ ಪೈಪಿಗೆ ನನ್ನ ಕೈಲಿ ಕಾಯಿ ಒಡೆಸಿದೆಯಲ್ಲೋ! ಅದನ್ನ ಕಿತ್ತು ಬಿಸಾಕು. ನೀನೂ ಜಾಗ ಬಿಡು!”

“ಬಿಡ್ತೀನಿ ಧಣಿ. ಆದ್ರೆ ಹೊರಗೆ ಪಂಪಾಪತಿ ಸಾಹುಕಾರ್ರು ನಿಂತಾರೆ. ಅವರಿಗೂ ಅದೇ ಜರ್ಮನಿ ಪೈಪು ಬೇಕಂತೆ. ಕಿತ್ತಿದ್ದನ್ನ ಅವರಿಗೇ ತೋರಿಸಲಾ?”

ಗೌಡರು ಬಾಗಿಲ ಕಡೆ ನೋಡಿದರು. ತಾವೇ ಮೆಲ್ಲಗೆ ಬಾನೆಟ್ ಮುಚ್ಚಿದರು.

“ಬಣ್ಣ ಇನ್ನೊಂದು ಸಲ ಬಳಿಯಪ್ಪಾ,” ಎಂದರು.

ಗ್ಯಾರೇಜು ಅಲ್ಲೇ ಉಳಿಯಿತು.